ಪಹಣಿಯ ಚುಕ್ಕಿ, ಹೋರ್ ಸಾಹೇಬರ ನಲ್

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಒಂದು ಪಹಣಿ ತೆಗೆದು ನೋಡಿ. ಸರ್ವೆ ನಂಬರು 45/*/2 ಅನ್ನೋ ಥರ ಇರುತ್ತೆ. ನಡುವಿನ ಆ ಚುಕ್ಕಿ ಯಾಕೆ ಅಂತ ಕೇಳಿದರೆ ಊರಲ್ಲಿ "ಅದು ಹಂಗೇ ಬರುತ್ತೆ ಬಿಡಪ್ಪ" ಅಂತಾರೆ. ಸರ್ವೆ ನಂಬರಿಗೂ ಹಿಸ್ಸಾ ನಂಬರಿಗೂ ಮಧ್ಯೆ ಸರ್‌ನಾಕ್ ಅಂತ ಒಂದು ಭಾಗ ಇದೆ. ಎಷ್ಟೋ ಜಮೀನಿಗೆ ಅದು ಇರೋದೇ ಇಲ್ಲ. ಆ 'ಇಲ್ಲ'ದ ಗುರುತೇ ಈ ಚುಕ್ಕಿ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಯಲ್ಲಿ ಒಂದು ಕಾಲಂ ಖಾಲಿ ಇದ್ದರೆ, ಊರು ಬಲ್ಲ ಗ್ರಾಮ ಲೆಕ್ಕಿಗರು ಅದು ಯಾಕೆ ಖಾಲಿ ಅಂತ ಹೇಳಬಲ್ಲರು. ಕಂಪ್ಯೂಟರಿಗೆ ಊರು ಗೊತ್ತಿಲ್ಲ.

ಇದೇ ತಲೆನೋವು ಇಂಗ್ಲೆಂಡಿನ ಟೋನಿ ಹೋರ್ ಅವರಿಗೆ 1965ರಲ್ಲೇ ಎದುರಾಗಿತ್ತು. ಆಲ್ಗಾಲ್ ಡಬ್ಲ್ಯೂ ಭಾಷೆಗೆ ಅವರು 'ನಲ್' ಸೇರಿಸಿದರು. ಅಂದರೆ ಯಾವ ವಸ್ತುವನ್ನೂ ತೋರಿಸದ ಬೆರಳು. ಮಾಡೋದು ಸುಲಭವಿತ್ತು, ಮಾಡಿಬಿಟ್ಟರು. 2009ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಅದನ್ನು ನೂರು ಕೋಟಿ ಡಾಲರಿನ ತಪ್ಪು ಅಂತ ತಾವೇ ಕರೆದುಕೊಂಡರು. ಆ ಬೆರಳು ತೋರಿಸಿದ ಕಡೆ ಏನೋ ಇದೆ ಅಂತ ನಂಬಿ ಹೋದ ಪ್ರೋಗ್ರಾಂ ಅಲ್ಲೇ ಮುಗ್ಗರಿಸಿ ನಿಲ್ಲುತ್ತೆ. ಜಾವಾ ಬರೆದವರಿಗೆ ಇದನ್ನು ವಿವರಿಸಬೇಕಿಲ್ಲ.

ನಾವು ಮೊದಮೊದಲು ಮಾಡುತ್ತಿದ್ದ ಉಪಾಯ ಒಂದೇ. ಮಾಲೀಕ ಇದ್ದಾನಾ? ಇದ್ದರೆ ವಿಳಾಸ ಇದೆಯಾ? ಇದ್ದರೆ ಹೋಬಳಿ ಇದೆಯಾ? ಈರುಳ್ಳಿ ಸಿಪ್ಪೆಯ ಥರ ಒಂದರೊಳಗೊಂದು ಇಫ್. ಆಮೇಲೆ ಗ್ರೂವಿ ಭಾಷೆಯಲ್ಲಿ ?. ಅನ್ನೋ ಗುರುತು ಬಂತು: ಇದ್ದರೆ ಮುಂದೆ ಹೋಗು, ಇಲ್ಲದಿದ್ದರೆ ಸುಮ್ಮನೆ ನಲ್ ಕೊಡು. ಗ್ರೂವಿಯದೇ ಇನ್ನೊಂದು ?: ಗುರುತನ್ನು ಪಕ್ಕಕ್ಕೆ ತಿರುಗಿಸಿ ನೋಡಿದರೆ ಎಲ್ವಿಸ್ ಪ್ರೀಸ್ಲಿಯ ಕ್ರಾಪಿನ ಹಾಗೆ ಕಾಣುತ್ತೆ ಅಂತ ಅದಕ್ಕೆ ಎಲ್ವಿಸ್ ಹೆಸರೇ ಅಂಟಿಕೊಂಡಿತು. (ನಮ್ಮೋರು ಕಂಡುಹಿಡಿದಿದ್ದರೆ ಅಣ್ಣಾವ್ರ ಕ್ರಾಪು ಅನ್ನುತ್ತಿದ್ದೆವೇನೋ.) ಸಿ ಶಾರ್ಪ್‌ನಲ್ಲಿ ?? 2005ಕ್ಕೆ, ?. 2015ಕ್ಕೆ ಬಂತು. 2016ರ ಕಾಟ್ಲಿನ್ ಇನ್ನೂ ಬಿಗಿ: ನಲ್ ಬರಬಹುದು ಅಂತ ನೀವು ಮೊದಲೇ ಬರೆದುಕೊಡದಿದ್ದರೆ ಒಳಗೇ ಬಿಡಲ್ಲ.

ಜಾವಾಸ್ಕ್ರಿಪ್ಟಿಗೆ ಎರಡೂ ಬಂದಿದ್ದು 2020ರಲ್ಲಿ. ಅಲ್ಲೀವರೆಗೆ ಎಲ್ಲರೂ || ಬಳಸುತ್ತಿದ್ದರು. ಅದರ ಅಪಾಯ ರೈತನಿಗೆ ಬೇಗ ಅರ್ಥವಾಗುತ್ತೆ. ಪಹಣಿಯಲ್ಲಿ ಖರಾಬು 0 ಗುಂಟೆ ಅಂತಿದ್ದರೆ ಅದು ಖಾಲಿಯಲ್ಲ, ಖರಾಬು ಇಲ್ಲ ಅನ್ನೋ ಪಕ್ಕಾ ಮಾಹಿತಿ. || ಗುರುತಿಗೆ ಸೊನ್ನೆಯೂ ಒಂದೇ, ನಲ್ಲೂ ಒಂದೇ. 'ಖರಾಬು || 5' ಅಂತ ಬರೆದರೆ ಆ ಸೊನ್ನೆ ಹೋಗಿ 5 ಗುಂಟೆ ಕೂರುತ್ತೆ. ಎಕರೆಗೆ 40 ಗುಂಟೆ. ಏರ್‌ಪೋರ್ಟ್ ಬಂದ ಮೇಲೆ ದೇವನಹಳ್ಳಿ ಸುತ್ತ 5 ಗುಂಟೆಗೆ ಏನು ಬೆಲೆ ಅಂತ ನಾನು ಹೇಳಬೇಕಾಗಿಲ್ಲ. ?? ಹಾಕಿದರೆ ಸೊನ್ನೆ ಸೊನ್ನೆಯಾಗೇ ಉಳಿಯುತ್ತೆ.

ಆದರೆ ನಮ್ಮ ಪಹಣಿಯ ಚುಕ್ಕಿಯ ಮುಂದೆ ಈ ?? ಕೂಡ ಕುರುಡು. ಅದರ ಲೆಕ್ಕದಲ್ಲಿ ಚುಕ್ಕಿ ನಲ್ ಅಲ್ಲ, ಒಂದು ಅಕ್ಷರ. ಸರ್‌ನಾಕ್ ಇದೆ ಅಂತಲೇ ತಿಳಿದು ದಾಟಿಸಿಬಿಡುತ್ತೆ. ಹಾಗಾಗಿ ದತ್ತಾಂಶ ಒಳಗೆ ಬರುವ ಬಾಗಿಲಲ್ಲೇ ಚುಕ್ಕಿಯನ್ನು ನಲ್ ಮಾಡಿಕೊಳ್ಳಬೇಕು, ಪ್ರಿಂಟ್ ತೆಗೆಯುವಾಗ ಮತ್ತೆ ಚುಕ್ಕಿ ಇಡಬೇಕು. ರೈತನ ಕೈಯಲ್ಲಿರೋ ಕಾಗದದಲ್ಲಿ 45/*/2 ಅಂತಲೇ ಇದೆಯಲ್ಲ.