ಎರಡು ಯಂತ್ರಗಳು ಒಂದಾದ ಕಥೆ



ವಿನೋಬನಗರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಅಣ್ಣ ಆಡಿದ ಮಾತು ಇನ್ನೂ ಕಿವಿಯಲ್ಲಿದೆ. "ಕಿಡ್ನಿ ತೆಗೆಸಿ ಆರು ವರ್ಷ ಆತು. ನೋವಿಲ್ಲ, ಜ್ವರವಿಲ್ಲ. ಸುಮ್ನೆ ಯಾಕಪ್ಪಾ ಮತ್ತೆ ಸ್ಕ್ಯಾನು?" ಅರ್ಬುದಕ್ಕೆ ತುತ್ತಾದ ಎಡ ಮೂತ್ರಪಿಂಡವನ್ನು ಅವರು ಕಳೆದುಕೊಂಡಿದ್ದರು. ಈ ರೋಗ ವರ್ಷಗಳ ಮೌನದ ನಂತರವೂ ಶ್ವಾಸಕೋಶದಲ್ಲೋ ಮೂಳೆಯಲ್ಲೋ ತಲೆಯೆತ್ತಬಹುದೆಂದು ವೈದ್ಯರು ಎಚ್ಚರಿಸಿದ್ದರು. ನಾನು ಹಟ ಹಿಡಿದೆ.

ದೇಹವನ್ನು ಕೊಯ್ಯದೆ ಒಳಗನ್ನು ಕಾಣುವ ಕನಸು ನನಸಾದದ್ದು 1895ರಲ್ಲಿ, ರಾಂಟ್‌ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದಾಗ. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರ ಮೊದಲ ರೋಗಿಯ ಮಿದುಳನ್ನು ಪದರಪದರವಾಗಿ ತೋರಿಸಿತು. ಅವರು ದುಡಿಯುತ್ತಿದ್ದ ಇ.ಎಂ.ಐ. ಕಂಪನಿ ನಮಗೆಲ್ಲ ಗ್ರಾಮಫೋನ್ ತಟ್ಟೆಗಳಿಂದ ಪರಿಚಿತ! 1979ರಲ್ಲಿ ಕಾರ್ಮ್ಯಾಕ್‌ರೊಡನೆ ಅವರಿಗೆ ನೊಬೆಲ್ ಸಂದಿತು. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಆರಂಭವಾದಾಗ ಈ ವಿದ್ಯೆಗಿನ್ನೂ ಶೈಶವ.

ಸಿ.ಟಿ. ಆಕಾರವನ್ನು ತೋರಿಸುತ್ತದೆ; ಆ ಗಂಟು ಜೀವಂತ ರೋಗವೋ ಹಳೆಯ ಕಲೆಯೋ ಎಂಬುದನ್ನು ಹಲವೊಮ್ಮೆ ಹೇಳಲಾರದು. ಪೆಟ್ ಯಂತ್ರ, ಫ್ಲೋರಿನ್-18 ಬೆರೆಸಿದ ಸಕ್ಕರೆಯಂಥ ದ್ರವ್ಯವನ್ನು ಯಾವ ಜೀವಕೋಶಗಳು ಹೆಚ್ಚು ಹೀರುತ್ತವೆಂದು ತೋರಿಸುತ್ತದೆ. ಆದರೆ ಅದರ ಚಿತ್ರ ಮಸುಕು. ಟೌನ್‌ಸೆಂಡ್ ಮತ್ತು ನಟ್ ಇವೆರಡನ್ನೂ ಒಂದಾಗಿಸಿದರು. ಮೊದಲ ಮಾದರಿ 1998ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕೆಲಸ ಆರಂಭಿಸಿತು. ಆ ದ್ರವ್ಯದ ವಿಕಿರಣ ಸುಮಾರು 110 ನಿಮಿಷಗಳಲ್ಲಿ ಅರ್ಧಕ್ಕಿಳಿಯುವುದರಿಂದ ಅದನ್ನು ಕೂಡಿಡಲಾಗದು.

ಮೂತ್ರಪಿಂಡದ ವಿಷಯದಲ್ಲಿ ಒಂದು ತೊಡಕಿದೆ. ದ್ರವ್ಯವು ಮೂತ್ರದೊಡನೆ ಹೊರಹೋಗುವುದರಿಂದ ಆರೋಗ್ಯವಂತ ಮೂತ್ರಪಿಂಡವೂ ಹೊಳೆಯುತ್ತದೆ. ಕೆಲವು ಗೆಡ್ಡೆಗಳೋ ಸಕ್ಕರೆಯನ್ನು ಹೆಚ್ಚು ಹೀರುವುದೇ ಇಲ್ಲ. ಆದುದರಿಂದ ವಾಡಿಕೆಯ ತಪಾಸಣೆಗೆ ಇಂದಿಗೂ ಎದೆ, ಹೊಟ್ಟೆಗಳ ಸಿ.ಟಿ.ಯೇ ಮುಖ್ಯ ಆಧಾರ. ಸಂಶಯ ಮೂಡಿದಾಗ ಜೋಡಿ ಯಂತ್ರ ನೆರವಿಗೆ ಬರುತ್ತದೆ.

ಅಣ್ಣನಿಗೂ ಹೀಗೆಯೇ ಆಯಿತು. ಸಿ.ಟಿ.ಯಲ್ಲಿ ಶ್ವಾಸಕೋಶದ ಸಣ್ಣ ಚುಕ್ಕೆಯೊಂದು ಕಂಡಿತು. ಬೆಂಗಳೂರಿನಲ್ಲಿ ಮಾಡಿಸಿದ ಪೆಟ್-ಸಿ.ಟಿ.ಯಲ್ಲಿ ಅದೊಂದೇ ಬೆಳಗಿತು. ಬೇರೆಲ್ಲೂ ರೋಗದ ಗುರುತಿರಲಿಲ್ಲ. ಒಂದೇ ಆದುದರಿಂದ ಶಸ್ತ್ರಚಿಕಿತ್ಸೆಯಿಂದ ತೆಗೆಯಲು ಸಾಧ್ಯವಾಯಿತು. ಈಗ ತಪಾಸಣೆಯ ದಿನಾಂಕವನ್ನು ಅವರೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತಾರೆ.

ಪರೀಕ್ಷೆಯೆಂದರೆ ಹೆದರುತ್ತಿದ್ದ ನನ್ನ ಮಕ್ಕಳಿರಾ, ನೋವಿಲ್ಲವೆಂದು ಈ ಪರೀಕ್ಷೆಯನ್ನು ಮಾತ್ರ ತಪ್ಪಿಸಬೇಡಿ.