ಜೇನಿನಲ್ಲಿ ಶಿಫಾ ಇದೆ, ಅಳತೆಯೂ ಇದೆ



ಪವಿತ್ರ ಕುರ್‌ಆನಿನ 16ನೇ ಅಧ್ಯಾಯದ ಹೆಸರೇ ‘ಅನ್ನಹ್ಲ್’, ಅಂದರೆ ಜೇನುನೊಣ. ಬೆಟ್ಟಗಳಲ್ಲಿ, ಮರಗಳಲ್ಲಿ, ಮನುಷ್ಯರು ಕಟ್ಟಿದ್ದರಲ್ಲಿ ಗೂಡು ಮಾಡಲು ಅಲ್ಲಾಹನು ಆ ಪುಟ್ಟ ಜೀವಿಗೆ ಬೋಧಿಸಿದ್ದನ್ನು, ಅದರ ಹೊಟ್ಟೆಯಿಂದ ಹೊರಡುವ ಬಗೆಬಗೆ ಬಣ್ಣದ ಪಾನೀಯದಲ್ಲಿ ಜನರಿಗೆ ಶಿಫಾ ಇರುವುದನ್ನು 68 ಮತ್ತು 69ನೇ ಸೂಕ್ತಗಳು ತಿಳಿಸುತ್ತವೆ. ನಮ್ಮ ಹಿರಿಯರು ಇದನ್ನು ಹೇಗೆ ಅರ್ಥ ಮಾಡಿಕೊಂಡರು ಎಂಬುದನ್ನು ನಾವು ಇಂದು ನೋಡೋಣ.

ಸಹೀಹ್ ಬುಖಾರಿಯಲ್ಲಿ ಒಂದು ಪ್ರಸಂಗವಿದೆ. ತನ್ನ ಸಹೋದರನ ಹೊಟ್ಟೆ ಕೆಟ್ಟಿದೆ ಎಂದು ಒಬ್ಬರು ಪ್ರವಾದಿ(ಸ)ರ ಬಳಿಗೆ ಬಂದರು. ಜೇನು ಕುಡಿಸಲು ಪ್ರವಾದಿ(ಸ)ರು ಹೇಳಿದರು. ಗುಣವಾಗಲಿಲ್ಲವೆಂದು ಅವರು ಮತ್ತೆ ಮತ್ತೆ ಬಂದಾಗಲೂ ಅದನ್ನೇ ಹೇಳಿದರು. ಕೊನೆಗೆ ರೋಗಿ ಗುಣಮುಖನಾದ. ಡಮಾಸ್ಕಸ್‌ನ ವಿದ್ವಾಂಸ ಇಬ್ನುಲ್ ಖಯ್ಯಿಮ್ (ನಿಧನ 1350) ಇದರಲ್ಲಿ ವೈದ್ಯಶಾಸ್ತ್ರದ ಸೂಕ್ಷ್ಮವೊಂದನ್ನು ಕಂಡರು: ಔಷಧಿಯ ಪ್ರಮಾಣ ರೋಗಕ್ಕೆ ತಕ್ಕಷ್ಟಿರಬೇಕು, ಕಡಿಮೆಯಾದರೆ ಕಾಯಿಲೆ ಹೋಗದು, ಮಿತಿ ಮೀರಿದರೆ ಹಾನಿ.

ಅದೇ ನಗರದ ಇಬ್ನು ಕಸೀರ್ (ನಿಧನ 1373) ತಮ್ಮ ತಫ್ಸೀರಿನಲ್ಲಿ ಪ್ರವಾದಿ ವೈದ್ಯದ ಬಗ್ಗೆ ಮಾತಾಡಿದವರ ವಿವರಣೆಯೊಂದನ್ನು ಉಲ್ಲೇಖಿಸಿದ್ದಾರೆ. ಸೂಕ್ತದಲ್ಲಿ ‘ಶಿಫಾ’ ಎಂದಿದೆ, ‘ಅಶ್ಶಿಫಾ’ ಎಂದಿಲ್ಲ. ಹಾಗೆ ಇದ್ದಿದ್ದರೆ ಜೇನು ಸಕಲ ರೋಗಕ್ಕೂ ಮದ್ದು ಎಂದಾಗುತ್ತಿತ್ತು. ಒಂದು ‘ಅಲ್’ ಇಲ್ಲದಿರುವುದನ್ನೂ ಆ ವಿದ್ವಾಂಸರು ಅಷ್ಟು ಜಾಗ್ರತೆಯಿಂದ ಗಮನಿಸಿದ್ದರು! ಇಬ್ನು ಸೀನಾ (980–1037) ಅವರಂಥ ವೈದ್ಯರೂ ಜೇನನ್ನು ಬಳಸಿದರು. ಅದಕ್ಕೆ ವಿನೆಗರ್ ಬೆರೆಸಿದ ‘ಸಿಕಂಜಬೀನ್’ ಆ ಕಾಲದ ಹೆಸರಾಂತ ಪಾನಕ. ಆದರೆ ಅವರ ಮದ್ದಿನ ಪೆಟ್ಟಿಗೆಯಲ್ಲಿ ಜೇನೊಂದೇ ಇರಲಿಲ್ಲ.

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. ಮಗು ಹುಟ್ಟಿದ ಕೂಡಲೇ ‘ಸುನ್ನತ್’ ಎಂದು ಜೇನು ನೆಕ್ಕಿಸುವ ರೂಢಿ ನಮ್ಮ ಹಲವು ಮನೆಗಳಲ್ಲಿದೆ. ಅಸ್ಮಾ(ರ)ರ ಮಗ ಅಬ್ದುಲ್ಲಾ ಬಿನ್ ಝುಬೈರ್(ರ) ಹುಟ್ಟಿದಾಗ ಪ್ರವಾದಿ(ಸ)ರು ತಹ್‌ನೀಕ್ ಮಾಡಿದ್ದು ಖರ್ಜೂರದಿಂದ, ಜೇನಿನಿಂದಲ್ಲ. ಜೇನಿನಲ್ಲಿ ಕೆಲವೊಮ್ಮೆ ಬೊಟುಲಿಸಂ ರೋಗಾಣುವಿನ ಬೀಜಕಗಳಿರುತ್ತವೆ. ದೊಡ್ಡವರ ಕರುಳು ಅದನ್ನು ತಡೆಯುತ್ತದೆ. ಎಳೆಗೂಸಿನ ಕರುಳಿಗೆ ಆ ಶಕ್ತಿಯಿಲ್ಲ. ಅಲ್ಲಿ ಅವು ಬೆಳೆದು ವಿಷ ಉಂಟುಮಾಡಿದರೆ ಮಗುವಿನ ಸ್ನಾಯುಗಳು ಸೋಲುತ್ತವೆ, ಉಸಿರಾಟಕ್ಕೂ ಕುತ್ತು ಬರಬಹುದು. ಶಿಶುಗಳ ಈ ಕಾಯಿಲೆಯನ್ನು ವೈದ್ಯರು ಗುರುತಿಸಿದ್ದು 1976ರಲ್ಲಿ. ನಮ್ಮ ಅಜ್ಜಿಯರಿಗೆ ತಿಳಿಯದ್ದು ಅವರ ತಪ್ಪಲ್ಲ. ತಿಳಿದ ಮೇಲೂ ಮುಂದುವರಿಸಿದರೆ ಹೊಣೆ ನಮ್ಮದು. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಬೇಡ. ತಹ್‌ನೀಕ್‌ಗೂ ಮುನ್ನ ವೈದ್ಯರನ್ನು ಕೇಳಿ, ಕೈ ಶುಚಿಯಾಗಿರಲಿ.

ಸಕ್ಕರೆ ಕಾಯಿಲೆಯವರಿಗೂ ಒಂದು ಮಾತು. ಜೇನಿನ ಸುಮಾರು 80 ಶೇಕಡಾ ಭಾಗ ಸಕ್ಕರೆಯೇ. ‘ಕುರ್‌ಆನಿನಲ್ಲಿದೆ’ ಎಂದು ಮಾತ್ರೆ ಬಿಟ್ಟು ಜೇನು ಹಿಡಿಯುವುದು ತವಕ್ಕುಲ್ ಅಲ್ಲ. ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರೂ ಪ್ರವಾದಿ(ಸ)ರೇ. ಆರೋಗ್ಯವಂತರು ಒಂದು ಚಮಚ ಜೇನನ್ನು ಬಿಸ್ಮಿಲ್ಲಾ ಹೇಳಿ ಸವಿಯಲಿ. ಕೆಮ್ಮಿದಾಗ ಅದು ಗಂಟಲಿಗೆ ಹಿತ.

ಅನುಗ್ರಹವನ್ನು ಅದರ ಅಳತೆಯಲ್ಲಿ ಬಳಸುವ ವಿವೇಕವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.