ಯೂಸ್‌ನೆಟ್ ಫೀಡ್

ಯೂಸ್‌ನೆಟ್ ಎಂಬ ಚರ್ಚಾ ಗುಂಪುಗಳ ಜಾಲದಲ್ಲಿ ಒಂದು ನ್ಯೂಸ್ ಸರ್ವರ್‌ಗೆ ಮತ್ತೊಂದು ಸರ್ವರ್ ನಿರಂತರವಾಗಿ ಕಳುಹಿಸುವ ಲೇಖನಗಳ ಸರಬರಾಜಿಗೆ ಯೂಸ್‌ನೆಟ್ ಫೀಡ್ ಎಂದು ಹೆಸರು. ಯೂಸ್‌ನೆಟ್‌ಗೆ ಕೇಂದ್ರ ಕಚೇರಿ ಇಲ್ಲ, ಸದಸ್ಯತ್ವ ಕೊಡುವ ಮಂಡಳಿಯೂ ಇಲ್ಲ. ಒಳಗಿರುವ ಯಾರಾದರೂ ಫೀಡ್ ಕೊಡಲು ಒಪ್ಪಿದರೆ ಮಾತ್ರ ಹೊಸ ಸರ್ವರ್‌ಗೆ ಪ್ರವೇಶ. ಹಾಗಾಗಿ ಈ ಜಾಲ ಬೆಳೆದದ್ದು ಬಹುಮಟ್ಟಿಗೆ ಅಡ್ಮಿನ್‌ಗಳ ಪರಸ್ಪರ ವಿಶ್ವಾಸದ ಮೇಲೆ.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ಯೂಸ್‌ನೆಟ್‌ನ ಕಲ್ಪನೆ ಮುಂದಿಟ್ಟರು. ನೆರೆಯ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಬೆಲೊವಿನ್ ಮೊದಲ ತಂತ್ರಾಂಶ ಬರೆದರು. ಯೂನಿಕ್ಸ್ ಯಂತ್ರಗಳು ಮೋಡೆಮ್ ಮೂಲಕ ಒಂದಕ್ಕೊಂದು ಕರೆಮಾಡಿ, ಯುಯುಸಿಪಿ ವಿಧಾನದಲ್ಲಿ ಲೇಖನಗಳನ್ನು ದಾಟಿಸುತ್ತಿದ್ದವು. ದಿನಕ್ಕೆ ಒಂದೆರಡು ಲೇಖನ ಬಂದಾವು ಎಂಬ ಆರಂಭದ ಅಂದಾಜು ಬೇಗನೆ ಸುಳ್ಳಾಯಿತು. ದೂರದ ಕರೆಗಳ ಬಿಲ್ ಏರುತ್ತ ಹೋಯಿತು. ಆ ಬಿಲ್ ಹೊರಲು ಮನಸ್ಸು ಮಾಡಿದ ಸಂಸ್ಥೆಗಳ ಯಂತ್ರಗಳೇ ಜಾಲದ ಬೆನ್ನೆಲುಬಾದವು: ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯ ಡೆಕ್‌ವ್ಯಾಕ್ಸ್, ಬೆಲ್ ಲ್ಯಾಬ್ಸ್‌ನ ಐಎಚ್‌ಎನ್‌ಪಿ4, ವರ್ಜೀನಿಯಾದ ಭೂಕಂಪ ಅಧ್ಯಯನ ಕೇಂದ್ರದ ಸೈಸ್ಮೊ, ಅಟ್ಲಾಂಟಿಕ್‌ನ ಆಚೆ ಆಮ್‌ಸ್ಟರ್‌ಡಾಮ್‌ನ ಎಂಸಿವ್ಯಾಕ್ಸ್. ಇವುಗಳ ಉಸ್ತುವಾರಿಗಳ ಔದಾರ್ಯವಿಲ್ಲದಿದ್ದರೆ ಯೂಸ್‌ನೆಟ್ ಕೆಲವು ವಿಶ್ವವಿದ್ಯಾಲಯಗಳಾಚೆ ಹೋಗುತ್ತಿರಲಿಲ್ಲವೇನೊ.

ಹೊಸಬರಿಗೆ ಫೀಡ್ ಹುಡುಕಲು ನೆರವಾದದ್ದು ಯುಯುಸಿಪಿ ನಕ್ಷೆಗಳು. ಯೂಸ್‌ನೆಟ್‌ನಲ್ಲೇ ನಿಯತವಾಗಿ ಪ್ರಕಟವಾಗುತ್ತಿದ್ದ ಈ ಕಡತಗಳಲ್ಲಿ ಪ್ರತಿ ಯಂತ್ರದ ಊರು, ಅಕ್ಷಾಂಶ-ರೇಖಾಂಶ, ಉಸ್ತುವಾರಿಯ ಫೋನ್ ನಂಬರ್, ಅದು ಯಾವ ಯಾವ ಯಂತ್ರಗಳಿಗೆ ಕರೆಮಾಡುತ್ತದೆ ಎಂಬ ವಿವರ ಇರುತ್ತಿದ್ದವು. ಸ್ಥಳೀಯ ಕರೆಯ ದರದಲ್ಲಿ ಸಿಗುವ ನೆರೆಯವರನ್ನು ಗುರುತಿಸಿ, ಮನವಿ ಮಾಡಿ ಒಪ್ಪಿಸಬೇಕಿತ್ತು. ಹಾಗೆ ಯಾರೂ ಸಿಗದವರಿಗೆ 1987ರಲ್ಲಿ ದಾರಿಯೊಂದು ತೆರೆಯಿತು. ಸೈಸ್ಮೊ ನೋಡಿಕೊಳ್ಳುತ್ತಿದ್ದ ರಿಕ್ ಆಡಮ್ಸ್, ಯೂನಿಕ್ಸ್ ಬಳಕೆದಾರರ ಯೂಸೆನಿಕ್ಸ್ ಸಂಘದ ಹಣಕಾಸಿನ ನೆರವಿನಿಂದ ಯುಯುನೆಟ್ ಸ್ಥಾಪಿಸಿ, ಶುಲ್ಕಕ್ಕೆ ಫೀಡ್ ಕೊಡತೊಡಗಿದರು.

ಅಷ್ಟರಲ್ಲಿ ಇಂಟರ್‌ನೆಟ್ ಮೂಲಕ ಲೇಖನ ಸಾಗಿಸುವ ಎನ್‌ಎನ್‌ಟಿಪಿ ಬಂದಿತ್ತು. ಬ್ರಯಾನ್ ಕ್ಯಾಂಟರ್ ಮತ್ತು ಫಿಲ್ ಲ್ಯಾಪ್ಸ್ಲಿ ಅದನ್ನು 1986ರ ಫೆಬ್ರವರಿಯಲ್ಲಿ ಪ್ರಕಟಿಸಿದರು. ಕಳುಹಿಸುವ ಸರ್ವರ್ ಮೊದಲು ಲೇಖನದ ಗುರುತುಸಂಖ್ಯೆಯನ್ನಷ್ಟೇ ತಿಳಿಸುತ್ತದೆ. ಆ ಲೇಖನ ತನ್ನಲ್ಲಿ ಇಲ್ಲದಿದ್ದರೆ ಮಾತ್ರ ಎದುರಿನ ಸರ್ವರ್ ಅದನ್ನು ತರಿಸಿಕೊಳ್ಳುತ್ತದೆ. ಲೇಖನ ಹಾದುಬಂದ ಸರ್ವರ್‌ಗಳ ಹೆಸರು ಅದರ ತಲೆಬರಹದ ಪಾತ್ ಸಾಲಿನಲ್ಲಿ ಸೇರುತ್ತ ಹೋಗುವುದರಿಂದ ಅದನ್ನು ಬಂದ ಕಡೆಗೇ ಮತ್ತೆ ಕಳುಹಿಸುವ ಪ್ರಮೇಯ ಬರದು. ಇದರಿಂದ ಒಂದಕ್ಕಿಂತ ಹೆಚ್ಚು ಫೀಡ್ ಇಟ್ಟುಕೊಂಡರೂ ನಷ್ಟವಿಲ್ಲ. ಒಬ್ಬರ ಯಂತ್ರ ಕೆಟ್ಟರೆ ಇನ್ನೊಬ್ಬರಿಂದ ಲೇಖನ ಬರುತ್ತದೆ. ಎರಡು ಮೂರು ಕಡೆಯಿಂದ ಫೀಡ್ ಪಡೆಯುವ ರೂಢಿಗೆ ಇದೇ ಆಧಾರ.

1990ರ ದಶಕದಲ್ಲಿ ಚಿತ್ರ ಮತ್ತು ತಂತ್ರಾಂಶಗಳ ಬೈನರಿ ಕಡತಗಳು ಉಕ್ಕಿ ಹರಿದು, ಪೂರ್ಣ ಫೀಡ್ ಸಣ್ಣ ಸರ್ವರ್‌ಗಳ ಕೈಮೀರಿತು. ಅನೇಕ ಸಂಸ್ಥೆಗಳು ಕ್ರಮೇಣ ಹಿಂದೆ ಸರಿದವು. ಡ್ಯೂಕ್ ತನ್ನ ಸರ್ವರನ್ನು 2010ರ ಮೇ 20ರಂದು ಮುಚ್ಚಿತು. 2024ರ ಫೆಬ್ರವರಿಯಲ್ಲಿ ಗೂಗಲ್ ಕೂಡ ಯೂಸ್‌ನೆಟ್‌ನೊಂದಿಗಿನ ಲೇಖನ ವಿನಿಮಯ ನಿಲ್ಲಿಸಿತು. ಆದರೆ ಪಠ್ಯವಷ್ಟೇ ಇರುವ ಗುಂಪುಗಳ ಫೀಡ್ ಇಂದು ಮನೆಯ ಇಂಟರ್‌ನೆಟ್ ಸಂಪರ್ಕಕ್ಕೂ ಭಾರವಲ್ಲ. ಅದನ್ನು ಬಯಸುವವರು ನ್ಯೂಸ್.ಅಡ್ಮಿನ್.ಪಿಯರಿಂಗ್ ಗುಂಪಿನಲ್ಲಿ ತಮ್ಮ ಸರ್ವರ್‌ನ ಹೆಸರು ಮತ್ತು ಬೇಕಾದ ಗುಂಪುಗಳನ್ನು ತಿಳಿಸಿ ಕೇಳುತ್ತಾರೆ. ಒಪ್ಪಿಗೆಯಾದ ಮೇಲೆ ಎರಡೂ ಕಡೆಯ ಅಡ್ಮಿನ್‌ಗಳು ಪರಸ್ಪರರ ಸರ್ವರ್ ಹೆಸರನ್ನು ತಮ್ಮ ಸಂರಚನಾ ಕಡತಗಳಲ್ಲಿ ಸೇರಿಸಿದರೆ ಲೇಖನಗಳು ಬರತೊಡಗುತ್ತವೆ.